ಕೂಡಿಸುವುದು ಕಂಪ್ಯೂಟರ್, ತೂಕ ಹಾಕುವುದು ನಾವು

ದ್ವಿತೀಯ ಪಿಯುಸಿ ಮುಗಿದ ಮೇಲೆ ಮುಂದೇನು? ಈಗ ನಮ್ಮ ತರಗತಿಯ ಎಲ್ಲರ ಮನೆಯಲ್ಲೂ ಇದೇ ಮಾತು. ನನ್ನ ಮುಂದೆ ಮೂರು ದಾರಿಗಳಿದ್ದವು: ಊರಿನಲ್ಲೇ ಬಿ.ಕಾಂ., ದಿನಾ ಬಸ್ಸಿನಲ್ಲಿ ಹೋಗಿ ಬರುವಂತೆ ಪಕ್ಕದ ಪಟ್ಟಣದಲ್ಲಿ ಬಿ.ಬಿ.ಎ., ಇಲ್ಲವೇ ಬೆಂಗಳೂರಿನಲ್ಲಿ ಬಿ.ಕಾಂ. ಜೊತೆಗೆ ಸಿ.ಎ. ಕೋಚಿಂಗ್. ನನಗೆ ಮೂರನೆಯದೇ ಬೇಕು. ಅಬ್ಬಾಗೆ ಫೀಸಿನ ಚಿಂತೆ, ಅಮ್ಮಿಗೆ ದೂರದ ಚಿಂತೆ. ಎರಡು ವಾರ ಮಾತಾಡಿದರೂ ಮಾತು ಮುಗಿಯಲಿಲ್ಲ. ಆಗ ಲ್ಯಾಬಿನಲ್ಲಿ ಕಲಿತ ಎಕ್ಸೆಲ್ ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ ಎಂದು ನೋಡಿದೆ.

ವಿಧಾನ ಸುಲಭ. ಮೊದಲು ಮಾನದಂಡಗಳನ್ನು ಬರೆಯಬೇಕು. ನಾವು ಬರೆದದ್ದು ನಾಲ್ಕು: ಫೀಸು, ದೂರ, ಓದಿನ ಗುಣಮಟ್ಟ, ನನ್ನ ಆಸಕ್ತಿ. ಪ್ರತಿ ದಾರಿಗೂ ಪ್ರತಿ ಮಾನದಂಡದಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಇದೇ ಕ್ರಮದಲ್ಲಿ ಊರಿನ ಬಿ.ಕಾಂ.ಗೆ 9, 9, 5, 5, ಬಿ.ಬಿ.ಎ.ಗೆ 6, 6, 7, 6. ಬೆಂಗಳೂರಿಗೆ 4, 3, 9, 9 ಕೊಟ್ಟೆವು. ಈ ಅಂಕಗಳನ್ನು ಮೂವರೂ ಕೂತು ಒಪ್ಪಿಯೇ ಹಾಕಿದೆವು.

ಆಮೇಲೆ ಯಾವುದು ಎಷ್ಟು ಮುಖ್ಯ ಎಂದು ನೂರನ್ನು ಹಂಚಬೇಕು. ಇದಕ್ಕೆ ತೂಕ ಎನ್ನುತ್ತಾರೆ. ನಾನು 20, 10, 40, 30 ಎಂದು ಹಂಚಿದೆ. ಬೆಂಗಳೂರಿಗೆ 7.4, ಬಿ.ಬಿ.ಎ.ಗೆ 6.4, ಊರಿಗೆ 6.2 ಬಂತು. ಅಬ್ಬಾ 40, 30, 20, 10 ಎಂದು ಹಂಚಿದರು. ಊರಿಗೆ 7.8, ಬಿ.ಬಿ.ಎ.ಗೆ 6.2, ಬೆಂಗಳೂರಿಗೆ 5.2! ಅಂಕಗಳು ಅವೇ, ಆದರೆ ಫಲಿತಾಂಶ ಪೂರ್ತಿ ಉಲ್ಟಾ.

ಹಾಗಾದರೆ ಕಂಪ್ಯೂಟರ್ ಏನು ಮಾಡಿತು? ಗುಣಿಸಿ ಕೂಡಿಸಿತು, ಅಷ್ಟೇ. ತೂಕ ನಮ್ಮದು. ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ಲೆಕ್ಕದಲ್ಲಿ ತಪ್ಪು ಉಳಿದಿರಬಹುದು ಎಂದು ನಾವು ಓದಿದ್ದೇವಲ್ಲ, ಇದೂ ಹಾಗೆಯೇ.

ದೊಡ್ಡ ಸಂಸ್ಥೆಗಳು ಇಂಥ ಕೆಲಸಕ್ಕೆ ಬೇರೆಯೇ ಸಾಫ್ಟ್‌ವೇರ್ ಬಳಸುತ್ತವೆ. ಇರಾಕಿನ ಮೋಸುಲ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಗಣಿತಜ್ಞ ಥಾಮಸ್ ಸಾಟಿ 1970ರ ದಶಕದಲ್ಲಿ ಎ.ಎಚ್.ಪಿ. ಎಂಬ ವಿಧಾನವನ್ನು ರೂಪಿಸಿದರು. ಎಕ್ಸ್‌ಪರ್ಟ್ ಚಾಯ್ಸ್ ಎಂಬ ಸಾಫ್ಟ್‌ವೇರ್ ಇದನ್ನೇ ಆಧರಿಸಿದೆ. ಇಲ್ಲಿ ಮಾನದಂಡಗಳನ್ನು ಎರಡೆರಡಾಗಿ ಹೋಲಿಸಿ 1ರಿಂದ 9ರವರೆಗೆ ಅಂಕ ಕೊಡಬೇಕು. ಫೀಸು ದೂರಕ್ಕಿಂತ ಮುಖ್ಯ, ದೂರ ಆಸಕ್ತಿಗಿಂತ ಮುಖ್ಯ, ಆದರೆ ಆಸಕ್ತಿ ಫೀಸಿಗಿಂತ ಮುಖ್ಯ ಎಂದು ಯಾರಾದರೂ ಹೇಳಿದರೆ ಆ ಗೊಂದಲವನ್ನೂ ಅದು ಅಳೆಯುತ್ತದೆ. ಅಳತೆ 0.10 ದಾಟಿದರೆ ಮತ್ತೆ ಯೋಚಿಸಿ ಎಂದರ್ಥ. ಇದು ಎಕ್ಸೆಲ್ ಹಾಳೆ ತಾನಾಗಿ ಮಾಡದ ಕೆಲಸ. ಆದರೆ ಶ್ರಮ ಹೆಚ್ಚು: 4 ಮಾನದಂಡಗಳಿಗೆ 6 ಹೋಲಿಕೆ ಸಾಕು, 10 ಇದ್ದರೆ 45 ಬೇಕು. ಇದರಲ್ಲೂ ಕೊರತೆಯಿದೆ. ಹೊಸದೊಂದು ಆಯ್ಕೆ ಸೇರಿಸಿದರೆ ಹಳೆಯ ಆಯ್ಕೆಗಳ ಕ್ರಮವೇ ಅದಲುಬದಲಾಗಬಹುದು ಎಂದು 1983ರಲ್ಲೇ ಬೆಲ್ಟನ್ ಮತ್ತು ಗಿಯರ್ ಎಂಬ ಸಂಶೋಧಕರು ತೋರಿಸಿದ್ದರು.

ಇನ್ನೊಂದು ಎಚ್ಚರಿಕೆಯೂ ಬೇಕು. ಕೂಡಿಸುವ ಲೆಕ್ಕದಲ್ಲಿ ಒಂದರ ದೋಷವನ್ನು ಇನ್ನೊಂದರ ಗುಣ ಮುಚ್ಚಿಬಿಡುತ್ತದೆ. ಒಪ್ಪಲು ಸಾಧ್ಯವೇ ಇಲ್ಲದ ಆಯ್ಕೆಯನ್ನು ಅಂಕ ಹಾಕುವ ಮೊದಲೇ ಪಟ್ಟಿಯಿಂದ ತೆಗೆಯಬೇಕು.

ಇಷ್ಟೆಲ್ಲ ಆದ ಮೇಲೆ ನನಗೆ ನಿಜವಾದ ಲಾಭ ಕಂಡದ್ದು ‘ಹೀಗಾದರೆ ಏನು?’ ಎಂದು ಕೇಳಿದಾಗ. ಅಬ್ಬಾರ ತೂಕಗಳನ್ನು ಮುಟ್ಟದೆ, ವಿದ್ಯಾರ್ಥಿವೇತನ ಸಿಕ್ಕರೆ ಎಂದುಕೊಂಡು ಬೆಂಗಳೂರಿನ ಫೀಸಿನ ಅಂಕವನ್ನು 4ರಿಂದ 8ಕ್ಕೆ ಏರಿಸಿದೆ. ಮೊತ್ತ 6.8 ಆಯಿತು, ಸಾಲಲಿಲ್ಲ. ಹಾಸ್ಟೆಲ್ ಬದಲು ಅಲ್ಲಿರುವ ಖಾಲಾ ಮನೆಯಲ್ಲಿ ಉಳಿದರೆ ದೂರದ ಚಿಂತೆ ಕಡಿಮೆಯಾಗಿ 3 ಇದ್ದದ್ದು 7 ಆಗಬಹುದು ಎಂದರು ಅಮ್ಮಿ. ಮೊತ್ತ 8.0! ಊರಿನ 7.8 ಅನ್ನು ದಾಟಿತು.

ಅಬ್ಬಾ ಹಾಳೆಯನ್ನು ತುಂಬಾ ಹೊತ್ತು ನೋಡಿದರು. “ಅಂದರೆ ಜಗಳ ನಿನ್ನ ಜೊತೆ ಅಲ್ಲ, ಈ ಎರಡು ಮನೆಗಳ ಜೊತೆ” ಎಂದು ಫೀಸು, ದೂರದ ಚೌಕಗಳ ಮೇಲೆ ಬೆರಳಿಟ್ಟರು.

ಇನ್ನೂ ಏನೂ ತೀರ್ಮಾನವಾಗಿಲ್ಲ. ವಿದ್ಯಾರ್ಥಿವೇತನದ ಅರ್ಜಿಗೆ ಕಾಗದಪತ್ರ ಜೋಡಿಸುತ್ತಿದ್ದೇನೆ, ಅಮ್ಮಿ ಖಾಲಾಗೆ ಫೋನ್ ಮಾಡಲಿದ್ದಾರೆ. ಮನೆಯವರೆಲ್ಲ ಕೂತು ಯೋಚಿಸುವುದಕ್ಕೆ ನಮ್ಮಲ್ಲಿ ಮಶ್ವರಾ ಎನ್ನುತ್ತಾರೆ. ಸಾಫ್ಟ್‌ವೇರ್ ಅದರ ಜಾಗಕ್ಕೆ ಬರಲಾರದು. ಆದರೆ ಯಾವ ವಿಷಯದ ಮೇಲೆ ಮಶ್ವರಾ ನಡೆಯಬೇಕು ಎಂದು ಸ್ಪಷ್ಟವಾಗಿ ತೋರಿಸುತ್ತದೆ. ಗೆಳೆಯರೇ, ನಿಮ್ಮ ಮನೆಯಲ್ಲೂ ಒಮ್ಮೆ ಮಾಡಿ ನೋಡಿ. ತೂಕಗಳನ್ನು ಮಾತ್ರ ಒಬ್ಬರೇ ಹಾಕಬೇಡಿ.