ಕೊಳವೆಯಲ್ಲಿ ಇನ್ನೆಷ್ಟು ಜಾಗ ಉಳಿದಿದೆ?

ಕಾವೇರಿ ಐದನೇ ಹಂತದ ನೀರು 2024ರ ಅಕ್ಟೋಬರಿನಲ್ಲಿ ಬೆಂಗಳೂರು ತಲುಪಿದಾಗ ಎಲ್ಲರ ಬಾಯಲ್ಲೂ ಒಂದೇ ಸಂಖ್ಯೆಯಿತ್ತು: ದಿನಕ್ಕೆ 77.5 ಕೋಟಿ ಲೀಟರ್. 2007ರಲ್ಲಿ ಪಾಲಿಕೆಗೆ ಸೇರಿದ ಮೇಲೂ ಬೋರ್‌ವೆಲ್ಲು, ಟ್ಯಾಂಕರುಗಳನ್ನೇ ನಂಬಿಕೊಂಡಿದ್ದ 110 ಹಳ್ಳಿಗಳಿಗೆ ಅದು ಸಂಭ್ರಮದ ಸುದ್ದಿ. ನೀರು ಬರುವುದು ಸುದ್ದಿಯಾಗುತ್ತದೆ. ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು, ರಸ್ತೆಯಲ್ಲಿ ಉಕ್ಕುವವರೆಗೂ, ಸುದ್ದಿಯಾಗುವುದಿಲ್ಲ. ಮನೆಗೆ ಬಂದ ನೀರಿನಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಕೇಂದ್ರ ಸರ್ಕಾರದ ಒಳಚರಂಡಿ ಕೈಪಿಡಿ ಒಪ್ಪಿಕೊಂಡಿರುವ ಲೆಕ್ಕ. ಆ ಪ್ರಕಾರ ಐದನೇ ಹಂತ ಪೂರ್ತಿ ಬಳಕೆಗೆ ಬಂದ ದಿನ ಸುಮಾರು 62 ಕೋಟಿ ಲೀಟರ್ ಕೊಳಚೆ ನೀರು ನೆಲದಡಿಯ ದಾರಿ ಹುಡುಕಬೇಕು. ಇದರಲ್ಲಿ ಒಂದಷ್ಟು ಹಿಂದೆಯೂ ಬೋರ್‌ವೆಲ್ ನೀರಿನ ರೂಪದಲ್ಲಿ ಹರಿಯುತ್ತಿದ್ದುದೇ, ನಿಜ. ಆದರೆ ಆ ನೀರಿಗೆ ಬಹುಪಾಲು ಕಡೆ ಮೀಟರೇ ಇಲ್ಲದ್ದರಿಂದ ಹಳೆಯದೆಷ್ಟು, ಹೊಸದೆಷ್ಟು ಎಂದು ಕಾಗದದ ಮೇಲೆ ಬೇರ್ಪಡಿಸಲಾಗದು.

ಈ ಪ್ರಶ್ನೆ ಎತ್ತಿದಾಗಲೆಲ್ಲ ಬರುವ ಉತ್ತರ ಸಂಸ್ಕರಣಾ ಘಟಕಗಳ ಒಟ್ಟು ಸಾಮರ್ಥ್ಯದ್ದು. ಇಷ್ಟು ಎಸ್‌ಟಿಪಿಗಳಿವೆ, ದಿನಕ್ಕೆ ಇಷ್ಟು ದಶಲಕ್ಷ ಲೀಟರ್ ಶುದ್ಧೀಕರಿಸುತ್ತವೆ, ಇನ್ನಷ್ಟು ಕಟ್ಟುತ್ತಿದ್ದೇವೆ. ನನ್ನ ತಕರಾರು ಇರುವುದು ಈ ಒಟ್ಟು ಮೊತ್ತದ ಮೇಲೆಯೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರು. ಇಲ್ಲಿನ ಕೊಳಚೆ ಮುಖ್ಯವಾಗಿ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಮತ್ತು ವೃಷಭಾವತಿ ಕಣಿವೆಗಳ ಇಳಿಜಾರು ಹಿಡಿದು ಇಳಿಯುತ್ತದೆ. ವೃಷಭಾವತಿಯ ಘಟಕದಲ್ಲಿ ಜಾಗ ಖಾಲಿಯಿದ್ದರೆ ಹೆಬ್ಬಾಳದ ಕಡೆಯ ಬಡಾವಣೆಗೆ ಅದರಿಂದ ಬಿಡಿಗಾಸಿನ ಉಪಯೋಗವಿಲ್ಲ. ಒಂದೇ ಕಣಿವೆಯೊಳಗೂ ಘಟಕ ದೊಡ್ಡದಿದ್ದು ಅಲ್ಲಿಗೆ ಹೋಗುವ ಕೊಳವೆ ಸಣ್ಣದಿದ್ದರೆ ಕೊಳಚೆ ರಾಜಕಾಲುವೆಗೆ ಇಳಿದು ಕೆರೆ ಸೇರುತ್ತದೆ. 2017 ಮತ್ತು 2018ರಲ್ಲಿ ಬೆಂಕಿ ಹೊತ್ತಿಕೊಂಡ ಬೆಳ್ಳಂದೂರು ಕೆರೆಗೆ ಕೊಳಚೆ ಬಂದದ್ದು ಹೀಗೆ ದಾರಿ ತಪ್ಪಿಯೇ. ನಗರದ ಒಳಚರಂಡಿಗೆ ಎಷ್ಟು ಶಕ್ತಿಯಿದೆ ಎಂಬುದನ್ನು ತೀರ್ಮಾನಿಸುವುದು ಅದರ ಅತಿ ಇಕ್ಕಟ್ಟಾದ ಜಾಗ, ಅದೂ ದಿನದ ಅತಿ ಕೆಟ್ಟ ಗಳಿಗೆಯಲ್ಲಿ. ಬೆಳೆಯಲು ಅನುಮತಿ ಕೊಡುವ ಮೊದಲು ಅಳೆಯಬೇಕಾದದ್ದು ಅದನ್ನೇ.

ಒಂದು ಲೆಕ್ಕ ಹಾಕಿ ನೋಡೋಣ. ಹತ್ತು ಸಾವಿರ ಜನರ ಬಡಾವಣೆ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರ ಶೇ 80 ಎಂದರೆ 108 ಲೀಟರ್ ಕೊಳಚೆ, ಒಟ್ಟು 10.8 ಲಕ್ಷ ಲೀಟರ್, ಸರಾಸರಿ ಸೆಕೆಂಡಿಗೆ 12.5 ಲೀಟರ್. ಆದರೆ ಜನ ಸರಾಸರಿಯಲ್ಲಿ ಸ್ನಾನ ಮಾಡುವುದಿಲ್ಲ. ಎಲ್ಲರೂ ಏಳುವ ಬೆಳಗಿನ ಹೊತ್ತಿಗೆ ಹರಿವು ಏರುತ್ತದೆ. ಇಷ್ಟು ಸಣ್ಣ ಬಡಾವಣೆಗೆ ಸರಾಸರಿಯ ಮೂರು ಪಟ್ಟು ಹಿಡಿಯಬೇಕೆನ್ನುತ್ತದೆ ಕೈಪಿಡಿ. ಅಲ್ಲಿಗೆ ಸೆಕೆಂಡಿಗೆ 37.5 ಲೀಟರ್. ಇನ್ನೂರೈವತ್ತು ಅಡಿಗೆ ಒಂದಡಿ ಇಳಿಯುವಂತೆ ಹಾಸಿದ 300 ಮಿ.ಮೀ. ವ್ಯಾಸದ ಕೊಳವೆ ಸುಮಾರು 60 ಲೀಟರ್ ಸಾಗಿಸಬಲ್ಲದು. ಧಾರಾಳವಾಯಿತು. ಈಗ ಅದೇ ಬಡಾವಣೆಯಲ್ಲಿ ಒಂದಂತಸ್ತಿನ ಮನೆಗಳನ್ನು ಕೆಡವಿ ನಾಲ್ಕಂತಸ್ತು ಎಬ್ಬಿಸಿದರು, ಎರಡು ಪಿಜಿಗಳು ಬಂದವು, ಜನ ಇಪ್ಪತ್ತು ಸಾವಿರವಾದರು. ಬೆಳಗಿನ ಹರಿವು 75 ಲೀಟರ್. ಸೈಟಿನ ಅಳತೆ ಬದಲಾಗಿಲ್ಲ, ರಸ್ತೆ ಅಗಲವಾಗಿಲ್ಲ, ನೆಲದಡಿಯ ಕೊಳವೆ ಮಾತ್ರ ಸೋತಿದೆ. ಕೊಳವೆಗಳನ್ನು ಸಾಮಾನ್ಯವಾಗಿ ಮೂವತ್ತು ವರ್ಷದ ಮುಂದಾಲೋಚನೆಯಲ್ಲಿ ಹಾಸುತ್ತಾರೆ; ತೊಂಬತ್ತರ ದಶಕದಲ್ಲಿ ಹಾಸಿದವು ಆ ಗಡುವನ್ನು ಈಗ ಮುಟ್ಟುತ್ತಿವೆ.

ಇದಿನ್ನೂ ಹೊಸ ಕೊಳವೆಯ ಲೆಕ್ಕ. ತಳದಲ್ಲಿ ಕಾಲುಭಾಗ ಎತ್ತರಕ್ಕೆ ಹೂಳು ನಿಂತರೆ 60 ಲೀಟರಿನ ಕೊಳವೆ 43ಕ್ಕೆ ಇಳಿಯುತ್ತದೆ. ಮೇಲಿಂದ ಮಳೆ. ಬೆಂಗಳೂರಿನಲ್ಲಿ ಮಳೆನೀರಿನ ಚರಂಡಿ ಬೇರೆ, ಒಳಚರಂಡಿ ಬೇರೆ ಎಂಬುದು ನಕ್ಷೆಯ ಮಾತು. ತಾರಸಿಯ ನೀರನ್ನು ಶೌಚದ ಪೈಪಿಗೆ ಸೇರಿಸಿದ ಮನೆಗಳೂ, ರಸ್ತೆಯಲ್ಲಿ ನಿಂತ ನೀರು ಇಳಿಯಲೆಂದು ಮ್ಯಾನ್‌ಹೋಲ್ ಮುಚ್ಚಳ ಎತ್ತಿಡುವ ಕೈಗಳೂ ಬೇಕಾದಷ್ಟಿವೆ. ಕೊಳವೆ ಅನುಭವಿಸಿದ್ದೆಲ್ಲ ಮ್ಯಾನ್‌ಹೋಲಿನ ಗೋಡೆಯ ಮೇಲೆ ಉಳಿದಿರುತ್ತದೆ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಸಾಕು: ತಳದ ಕಾಲುವೆಯಲ್ಲಿ ಈಗ ಹರಿಯುತ್ತಿರುವ ನೀರಿಗಿಂತ ಎಷ್ಟೋ ಮೇಲೆ, ಗೋಡೆಗೆ ಜಿಡ್ಡಿನ ಕಪ್ಪು ಪಟ್ಟಿ ಅಂಟಿರುತ್ತದೆ, ಕಬ್ಬಿಣದ ಮೆಟ್ಟಿಲುಗಳಿಗೆ ಚಿಂದಿ ಬಟ್ಟೆ, ಪ್ಲಾಸ್ಟಿಕ್ಕು ಸಿಕ್ಕಿಕೊಂಡಿರುತ್ತವೆ. ನೀರು ಒಮ್ಮೆ ಅಲ್ಲಿಯವರೆಗೆ ಏರಿ ನಿಂತಿತ್ತು ಎಂದರ್ಥ. ಇನ್ನೂ ನಿಖರವಾಗಿ ಬೇಕೆಂದರೆ ನೀರಿನ ಮಟ್ಟ ಅಳೆಯುವ ಸೆನ್ಸರ್, ವೇಗ ಅಳೆಯುವ ಮೀಟರ್, ಕೊಳವೆಯೊಳಗೆ ಓಡಾಡುವ ಕ್ಯಾಮೆರಾ ಇವೆ. ಇವುಗಳಲ್ಲಿ ಬೆಲೆಬಾಳುವ ಮಾಹಿತಿ ಸಿಗುವುದು ಬೆಳಗಿನ ಜಾವ ಮೂರರ ಹೊತ್ತಿಗೆ. ಊರೆಲ್ಲ ಮಲಗಿರುವಾಗಲೂ ಕೊಳವೆ ತುಂಬಿ ಹರಿಯುತ್ತಿದ್ದರೆ ಬಿರುಕುಗಳಿಂದ ಅಂತರ್ಜಲವೋ ಕೆರೆಯ ನೀರೋ ಒಳನುಗ್ಗುತ್ತಿದೆ. ಅಂಥ ಕಡೆ ಹೊಸ ಕೊಳವೆ ಹಾಸುವುದಕ್ಕಿಂತ ಹಳೆಯದರ ಸೋರಿಕೆ ಮುಚ್ಚುವುದು ಅಗ್ಗ.

ದೊಡ್ಡ ಅಪಾರ್ಟ್‌ಮೆಂಟ್‌ಗಳು ತಮ್ಮದೇ ಎಸ್‌ಟಿಪಿ ಇಟ್ಟುಕೊಳ್ಳಬೇಕೆಂಬ ನಿಯಮವಿದೆಯಲ್ಲ, ಅವುಗಳಿಂದ ಕೊಳವೆಗೇನು ಭಾರ ಎಂದು ಕೇಳುವವರಿದ್ದಾರೆ. ಮೇಲಿನ ಲೆಕ್ಕವೇ ಇದಕ್ಕೂ ಉತ್ತರ ಹೇಳುತ್ತದೆ. 135 ಲೀಟರಿನಲ್ಲಿ ಫ್ಲಶ್‌ಗೆ ಬೇಕಾಗುವುದು ಸುಮಾರು 45. ಸಂಸ್ಕರಿಸಿದ ನೀರನ್ನು ಚಾಚೂತಪ್ಪದೆ ಫ್ಲಶ್‌ಗೆ ಬಳಸಿದರೂ 108ರಲ್ಲಿ ಅರುವತ್ತಕ್ಕೂ ಹೆಚ್ಚು ಲೀಟರ್ ಮಿಗುತ್ತದೆ. ತೋಟಕ್ಕೆ ಒಂದಿಷ್ಟು ಹೋಗಬಹುದು, ಮಳೆಗಾಲದಲ್ಲಿ ಅದೂ ಇಲ್ಲ. ಮಿಕ್ಕಿದ್ದು ಸೇರುವುದು ಹೊರಗಿನ ಕೊಳವೆಯನ್ನೋ ಕಾಲುವೆಯನ್ನೋ. ಬ್ಲೋವರ್ ಕೆಟ್ಟ ದಿನ, ಕರೆಂಟ್ ಹೋದ ದಿನ ಹೊರಬರುವುದು ಸಂಸ್ಕರಿಸದ ಕೊಳಚೆಯೇ. ಈ ಘಟಕಗಳು ಬೇಡವೆಂದಲ್ಲ. ಹೊರೆಯನ್ನು ಇಳಿಸುತ್ತವೆ, ಇಲ್ಲವಾಗಿಸುವುದಿಲ್ಲ.

ಹಾಗಿದ್ದರೆ ಮೊದಲೇ ಎರಡು ಪಟ್ಟು ದೊಡ್ಡ ಕೊಳವೆ ಹಾಸಿಬಿಟ್ಟರಾಯಿತಲ್ಲ? ಹತ್ತೊಂಬತ್ತನೇ ಶತಮಾನದಲ್ಲಿ ಜೋಸೆಫ್ ಬಾಜಲ್‌ಗೆಟ್ ಕಟ್ಟಿಸಿದ ಲಂಡನ್ನಿನ ವಿಶಾಲ ಒಳಚರಂಡಿಯನ್ನು ಇದಕ್ಕೆ ಸಾಕ್ಷಿ ಕರೆಯುತ್ತಾರೆ. ಅದು ಮಳೆನೀರನ್ನೂ ಹೊರುವ ವ್ಯವಸ್ಥೆ. ಅಷ್ಟಾದರೂ ಲಂಡನ್ ಈಚೆಗೆ ಥೇಮ್ಸ್ ನದಿಯ ಗುಂಟ 25 ಕಿ.ಮೀ. ಉದ್ದದ ಹೊಸ ಸುರಂಗ ತೋಡಬೇಕಾಯಿತು. ಬರೀ ಕೊಳಚೆ ಹೊರುವ ಕೊಳವೆಗೆ ಅತಿ ಅಗಲವೂ ಶತ್ರು. ನೀರು ಸೆಕೆಂಡಿಗೆ 0.6 ಮೀಟರ್ ವೇಗದಲ್ಲಾದರೂ ಹರಿಯದಿದ್ದರೆ ಮಲ, ಮರಳು ತಳ ಹಿಡಿಯುತ್ತವೆ. ಕೊಳೆತದ್ದರಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಕೊಳವೆಯ ನೆತ್ತಿಯಲ್ಲಿ ಗಂಧಕಾಮ್ಲವಾಗಿ ಕಾಂಕ್ರೀಟನ್ನು ತಿನ್ನುತ್ತದೆ. ಇದೇ ಅನಿಲ ಮ್ಯಾನ್‌ಹೋಲಿಗೆ ಇಳಿದವರ ಉಸಿರು ನಿಲ್ಲಿಸಿದೆ. ರಕ್ಷಣೆಯಿಲ್ಲದೆ ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದ ಮೇಲೂ ಸಾವುಗಳು ನಿಂತಿಲ್ಲ. ಅಂದಾಜಿನ ಮೇಲೆ ಕೊಳವೆ ಆರಿಸುವುದರ ಬೆಲೆ ದುಡ್ಡಿನಲ್ಲಷ್ಟೇ ಇಲ್ಲ.

ಅಳೆಯುತ್ತ ಕೂತರೆ ನಗರದ ಬೆಳವಣಿಗೆ ನಿಲ್ಲುತ್ತದೆ, ಮನೆ ದುಬಾರಿಯಾಗುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅಳತೆ ಎಲ್ಲ ಕಡೆಯೂ ‘ಬೇಡ’ ಎನ್ನುವುದಿಲ್ಲ. ಜಾಗವಿರುವ ಕಡೆ ಇದೆ ಎಂದೂ ಹೇಳುತ್ತದೆ. ಮೆಟ್ರೊ ಹಾದಿಯುದ್ದಕ್ಕೂ ಹೆಚ್ಚುವರಿ ಎಫ್‌ಎಆರ್, ಅಂದರೆ ಅದೇ ಸೈಟಿನಲ್ಲಿ ಹೆಚ್ಚು ಕಟ್ಟುವ ಅನುಮತಿ, ಕೊಡಬೇಕೆನ್ನುವ ಯೋಜಕರಿಗೆ ಯಾವ ನಿಲ್ದಾಣದ ಸುತ್ತ ನಾಳೆಯೇ ಕಟ್ಟಬಹುದು, ಎಲ್ಲಿ ಮೊದಲು ಕೊಳವೆ ಬದಲಿಸಬೇಕು ಎಂಬುದು ಇದರಿಂದ ತಿಳಿಯುತ್ತದೆ. 2011ರ ನಂತರ ಜನಗಣತಿಯೇ ಆಗಿಲ್ಲ, ಯಾವ ಆಧಾರದ ಮೇಲೆ ಅಳೆಯುವುದು ಎಂಬ ಮಾತೂ ಇದೆ. ಗಣತಿ ಇಲ್ಲದಿರುವುದೇ ಅಳೆಯಲು ದೊಡ್ಡ ಕಾರಣ: ತಲೆ ಎಣಿಸದಿದ್ದರೂ ಕೊಳವೆಯಲ್ಲಿ ಹರಿಯುವ ನೀರನ್ನು ಇವತ್ತೇ ಎಣಿಸಬಹುದು.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ದೊಡ್ಡ ಕಟ್ಟಡಗಳಿಗೆ ಜಲಮಂಡಳಿ ಈಗಲೂ ನಿರಾಕ್ಷೇಪಣಾ ಪತ್ರ ಕೊಡುತ್ತದೆ, ಶುಲ್ಕವನ್ನೂ ಪಡೆಯುತ್ತದೆ. ಆ ಪತ್ರದಲ್ಲಿ ಮೂರು ಸಾಲು ಸೇರಲಿ: ಈ ಕಟ್ಟಡದ ಕೊಳಚೆ ಹೋಗುವ ಹಾದಿಯ ಅತಿ ಇಕ್ಕಟ್ಟಿನ ಮ್ಯಾನ್‌ಹೋಲ್ ಯಾವುದು, ಕಳೆದ ಮಳೆಗಾಲದಲ್ಲಿ ಅಲ್ಲಿ ನೀರು ಎಷ್ಟು ಎತ್ತರಕ್ಕೆ ಏರಿತ್ತು, ಇನ್ನೆಷ್ಟು ಲೀಟರಿಗೆ ಜಾಗವಿದೆ. ಜಾಗವಿಲ್ಲದಿದ್ದರೆ ಕಟ್ಟಿದ ಶುಲ್ಕ ಅದೇ ಹಾದಿಯ ದುರಸ್ತಿಗೆ ಹೋಗಲಿ. 2025ರ ಸೆಪ್ಟೆಂಬರಿನಿಂದ ಬೆಂಗಳೂರು ಐದು ಪಾಲಿಕೆಗಳಾಗಿ ಹಂಚಿಹೋಗಿದೆ; ಒಂದು ಪಾಲಿಕೆ ಮಹಡಿಗೆ ಒಪ್ಪಿಗೆ ಕೊಟ್ಟರೆ ಕಣಿವೆಯ ಕೆಳಗಿರುವ ಇನ್ನೊಂದು ಪಾಲಿಕೆಯ ರಸ್ತೆಯಲ್ಲಿ ಮ್ಯಾನ್‌ಹೋಲ್ ಉಕ್ಕೀತು. ಆದ್ದರಿಂದ ಈ ಲೆಕ್ಕವನ್ನು ವಾರ್ಡಿನ ಗಡಿ ನೋಡಿ ಬರೆಯುವ ಬದಲು ಕಣಿವೆಗೊಂದು ಪುಸ್ತಕವಿಟ್ಟು ಬರೆಯಬೇಕು, ಐದೂ ಪಾಲಿಕೆಗಳ ಕಟ್ಟಡ ಪರವಾನಗಿ ವಿಭಾಗಗಳು ಅದನ್ನು ತೆರೆದು ನೋಡುವಂತಿರಬೇಕು.