ಮುದಿ ಮಾವು: ಸೌದೆಯೋ, ಹಲಗೆಯೋ?

ಶ್ರೀನಿವಾಸಪುರ, ಮುಳಬಾಗಿಲು, ಕೋಲಾರ, ಮಾಲೂರು ಸೀಮೆಯಲ್ಲಿ ಫಲ ಬಿಡದ ಮುದಿ ಮಾವನ್ನು ಸೌದೆಯ ಬೆಲೆಗೆ ಮಾರಿಬಿಡುವುದುಂಟು. ರೈತ ಬಾಂಧವರು ಅವಸರಪಡಬಾರದು. ಪೊಟರೆಯಿಲ್ಲದ ನೆಟ್ಟನೆಯ ಬೊಡ್ಡೆ ಪೀಠೋಪಕರಣ, ಪ್ಲೈವುಡ್, ಪೆಟ್ಟಿಗೆಗಳಿಗೆ ಒದಗುತ್ತದೆ.

ಮಾವಿಗೆ ಬೂಷ್ಟು, ಕೊರೆಹುಳು ಬೇಗ ತಗಲುತ್ತವೆ. ಕಡಿದ ಕೂಡಲೇ ಕೊಯ್ಯಿಸಿ, ಹಸಿ ಹಲಗೆಗಳನ್ನು ಬೋರಿಕ್ ಆಮ್ಲ 1 ಪಾಲು, ಬೊರಾಕ್ಸ್ 1.5 ಪಾಲು ಸೇರಿಸಿದ ದ್ರಾವಣದಲ್ಲಿ ಅದ್ದಬೇಕು. ಕೆಲವು ವಾರ ಒತ್ತಾಗಿ ಪೇರಿಸಿ ಮುಚ್ಚಿಟ್ಟರೆ ಔಷಧಿ ಒಳಗಿಳಿಯುತ್ತದೆ. ಬಳಿಕ ನಡುವೆ ರೀಪರ್ ಕೊಟ್ಟು ನೆರಳಿನಲ್ಲಿ ಒಣಗಿಸುವುದು. ಮಳೆಗೆ ನೆನೆಯುವ ಕೆಲಸಕ್ಕೆ ಮಾವು ಸಲ್ಲದು. ಬಾಗಿಲು, ಕಿಟಕಿಗೆ ಹಲಸು ಲೇಸು. ವೀಣೆಗೂ ಅದೇ ಮರ.

8ನೇ ತರಗತಿ ಪಾಸಾದವರಿಗೆ ಐಟಿಐಗಳಲ್ಲಿ 1 ವರ್ಷದ ಬಡಗಿ ತರಬೇತಿಯುಂಟು. ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತರಬೇತಿಯೂ ಸಲಹೆಯೂ ದೊರೆಯುತ್ತವೆ. ಮರ ಊರಲ್ಲೇ ಹಲಗೆಯಾದರೆ ಕೂಲಿಯೂ ಊರಲ್ಲೇ ಉಳಿದೀತು.