ಎಂ.ಎಸ್. ಔಷಧಿ ಮತ್ತು ಫಂಗಸ್ ಸೋಂಕು: ನಾವು ತಿಳಿದಿರಬೇಕಾದದ್ದು



ಮಳೆಗಾಲದಲ್ಲಿ ಹಪ್ಪಳ, ಉಪ್ಪಿನಕಾಯಿಗೆ ಬೂಸ್ಟು ಹಿಡಿಯೋದನ್ನು ನಾವೆಲ್ಲ ನೋಡಿದ್ದೇವೆ. ಈ ಜಾತಿಯ ಜೀವಿಗಳಿಗೆ ಶಿಲೀಂಧ್ರ ಅಥವಾ ಫಂಗಸ್ ಎನ್ನುತ್ತಾರೆ. ಮಣ್ಣು, ಗಾಳಿ, ನಮ್ಮ ಬಾಯಿ, ಚರ್ಮ ಎಲ್ಲೆಲ್ಲೂ ಇವು ಇರುತ್ತವೆ. ದೇಹದ ರೋಗನಿರೋಧಕ ಶಕ್ತಿ ತಗ್ಗಿದಾಗ ಸಮಯ ನೋಡಿ ಒಳನುಗ್ಗುತ್ತವೆ. ಇದನ್ನೇ ಅವಕಾಶವಾದಿ ಸೋಂಕು ಎನ್ನುವುದು. 2021ರಲ್ಲಿ ಕೋವಿಡ್ ಜೊತೆ ಬಂದ ಕಪ್ಪು ಶಿಲೀಂಧ್ರವೂ ಇಂಥದ್ದೇ.

ಎಂ.ಎಸ್. ಎಂದರೇನು?

ಮಲ್ಟಿಪಲ್ ಸ್ಕ್ಲೆರೋಸಿಸ್ ನರಗಳ ಕಾಯಿಲೆ. ಕರೆಂಟ್ ವಯರಿಗೆ ಇರುವಂತೆ ನರಗಳಿಗೂ ಹೊದಿಕೆ ಇದೆ. ದೇಹವನ್ನು ಕಾಯಬೇಕಾದ ಶಕ್ತಿಯೇ ಈ ಹೊದಿಕೆಯನ್ನು ಹಾಳುಮಾಡುತ್ತದೆ. ಕಣ್ಣು ಮಂಜಾಗುವುದು, ಕೈಕಾಲು ಜೋಮು, ನಡಿಗೆ ತೂರಾಡುವುದು, ವಿಪರೀತ ಸುಸ್ತು ಇದರ ಲಕ್ಷಣಗಳು. ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಇದು ಸೋಮಾರಿತನವಲ್ಲ, ಗಾಳಿ ಮೆಟ್ಟಿದ್ದಲ್ಲ, ಅಂಟುರೋಗವೂ ಅಲ್ಲ.

ಔಷಧಿಗೂ ಸೋಂಕಿಗೂ ಏನು ಸಂಬಂಧ?

ಕಾಯಿಲೆ ಉಲ್ಬಣಿಸಿದಾಗ ಸ್ಟಿರಾಯ್ಡ್ ಕೊಡುತ್ತಾರೆ. ಮತ್ತೆ ಮರುಕಳಿಸದಂತೆ ಬೇರೆ ಔಷಧಿಗಳಿವೆ. ಅವುಗಳಲ್ಲಿ ಫಿಂಗೊಲಿಮೋಡ್ ಒಂದು. ದನಗಳನ್ನು ದೊಡ್ಡಿಯಲ್ಲಿ ಕೂಡಿದಂತೆ, ಇದು ಕೆಲವು ಬಿಳಿ ರಕ್ತಕಣಗಳನ್ನು ದುಗ್ಧಗ್ರಂಥಿಗಳಲ್ಲೇ ತಡೆದಿಡುತ್ತದೆ. ನರಗಳಿಗೆ ರಕ್ಷಣೆ ಸಿಗುತ್ತದೆ, ಆದರೆ ಕಾವಲು ಸ್ವಲ್ಪ ಸಡಿಲವಾಗುತ್ತದೆ.

ಆಗ ಪಾರಿವಾಳದ ಹಿಕ್ಕೆ, ಮಣ್ಣಿನಲ್ಲಿರುವ ಕ್ರಿಪ್ಟೊಕಾಕಸ್ ಎಂಬ ಫಂಗಸ್ ಉಸಿರಿನ ಮೂಲಕ ಒಳಹೋಗಿ ಮೆದುಳಿನ ಪೊರೆಗೆ ಸೋಂಕು ತರಬಹುದು. ಇದು ಅಪರೂಪ, ಆದರೆ ತಡಮಾಡಿದರೆ ಜೀವಕ್ಕೇ ಅಪಾಯ. ಸಾಮಾನ್ಯವಾಗಿ ಮಾತ್ರೆ ಶುರುಮಾಡಿ ಎರಡು ವರ್ಷದ ಹೊತ್ತಿಗೆ ಕಾಣಿಸಿಕೊಂಡಿದೆ. "ಇಷ್ಟು ದಿನ ಏನೂ ಆಗಿಲ್ಲವಲ್ಲ" ಎಂದು ಮೈಮರೆಯಬಾರದು.

ಈ ಲಕ್ಷಣ ಕಂಡರೆ ತಡಮಾಡಬೇಡಿ

1. ದಿನೇ ದಿನೇ ಹೆಚ್ಚುವ ತಲೆನೋವು, ಜ್ವರ, ವಾಂತಿ
2. ಕುತ್ತಿಗೆ ಬಿಗಿತ, ಬೆಳಕು ನೋಡಲಾಗದಿರುವುದು
3. ಮಂಪರು, ಗೊಂದಲದ ಮಾತು

ಬಾಯಲ್ಲಿ ಬಿಳಿ ಪದರ, ತುರಿಕೆಯೊಂದಿಗೆ ಬಿಳಿಸೆರಗು ಇದ್ದರೂ ಡಾಕ್ಟರಿಗೆ ಹೇಳಿ. ಇದರಲ್ಲಿ ನಾಚಿಕೆ ಏನಿಲ್ಲ.

ಮನೆಯವರು ಇದನ್ನು "ಹಳೇ ಕಾಯಿಲೆಯೇ ಮತ್ತೆ ಬಂತು" ಅಂದುಕೊಳ್ಳುವ ಸಾಧ್ಯತೆ ಹೆಚ್ಚು. ಹಾಗೆಂದು ಸ್ಟಿರಾಯ್ಡ್ ಕೊಟ್ಟರೆ ಫಂಗಸ್ ಇನ್ನೂ ಬೆಳೆಯುತ್ತದೆ. ಆದ್ದರಿಂದ ಯಾವ ಆಸ್ಪತ್ರೆಗೆ ಹೋದರೂ ಎಂ.ಎಸ್. ಮಾತ್ರೆಯ ಚೀಟಿ ಮೊದಲು ತೋರಿಸಿ. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕಾಗಬಹುದು. ಅದರಿಂದ ಸೊಂಟ ಬಿದ್ದುಹೋಗುತ್ತದೆ ಎಂಬ ಮಾತಿಗೆ ಹೆದರಬೇಡಿ. ಸೋಂಕು ಖಚಿತವಾದರೆ ಆಂಫೊಟೆರಿಸಿನ್ ಇಂಜೆಕ್ಷನ್, ನಂತರ ತಿಂಗಳುಗಟ್ಟಲೆ ಫ್ಲುಕೋನಜೋಲ್ ಮಾತ್ರೆ ಕೊಡುತ್ತಾರೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ತಟ್ಟೆ, ಲೋಟ ಬೇರೆ ಇಡಬೇಕಿಲ್ಲ.

ಇದನ್ನು ಓದಿ ಹೆದರಿ ಯಾರೂ ತಾವಾಗಿ ಎಂ.ಎಸ್. ಮಾತ್ರೆ ನಿಲ್ಲಿಸಬಾರದು. ಏಕಾಏಕಿ ಬಿಟ್ಟರೆ ಕಾಯಿಲೆ ಜೋರಾಗಿ ಮರುಕಳಿಸಬಹುದು. ಬಿಡುವುದೋ ಬದಲಿಸುವುದೋ ಡಾಕ್ಟರೇ ಹೇಳಲಿ.

ಸಂಘ ಏನು ಮಾಡಬಹುದು?

- ಪಾರಿವಾಳದ ಹಿಕ್ಕೆ ಗುಡಿಸುವ ಕೆಲಸವನ್ನು ಆ ಸಹೋದರಿಗೆ ಬಿಡದೆ ಬೇರೆಯವರು ಮಾಡಿ.
- ರಕ್ತ ಪರೀಕ್ಷೆಯ ದಿನ ಒಬ್ಬರು ಜೊತೆಗೆ ಹೋಗಿ.
- ಚಿಕಿತ್ಸೆಗೆ ಸಂಘದ ಆಂತರಿಕ ಸಾಲವನ್ನು ಮೊದಲು ಅವರಿಗೆ ಕೊಡಿ. ಮೀಟರ್ ಬಡ್ಡಿಗೆ ಹೋಗುವಂತಾಗಬಾರದು.
- 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಎಂ.ಎಸ್. ಕೂಡ ಸೇರಿದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ನೆರವಾಗಿ.

ವಾರದ ಸಭೆಗೆ ಒಬ್ಬ ಸದಸ್ಯೆ ಬಾರದಿದ್ದರೆ ದಂಡ ಬರೆಯುವ ಮೊದಲು ಅವರ ಮನೆಗೊಮ್ಮೆ ಹೋಗಿ ಬರೋಣ. "ತಲೆನೋವು ಎಷ್ಟು ದಿನದಿಂದ ಇದೆ ಅಕ್ಕಾ?" ಎಂದು ನಾವು ಕೇಳುವ ಒಂದು ಮಾತು ಒಂದು ಜೀವ ಉಳಿಸಬಹುದು.